ಮನೆಯಿಂದ ಆಫೀಸಿನ ನೆಟ್‌ವರ್ಕ್‌ಗೆ ವಿಪಿಎನ್: ಸಣ್ಣ ಕಚೇರಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಆಡಿಟರ್ ಆಫೀಸು, ವಕೀಲರ ಕಚೇರಿ, ಸಣ್ಣ ಗಾರ್ಮೆಂಟ್ ಘಟಕ. ಇಂಥ ಕಡೆ ಸಾಮಾನ್ಯವಾಗಿ ಐದಾರು ಕಂಪ್ಯೂಟರ್ ಇರುತ್ತವೆ. ಒಂದರಲ್ಲಿ ಟ್ಯಾಲಿ, ಇನ್ನೊಂದರಲ್ಲಿ ಎಲ್ಲರೂ ಬಳಸುವ ಫೈಲುಗಳು. ರಿಟರ್ನ್ ಸಲ್ಲಿಸುವ ಕೊನೆಯ ವಾರ ಬಂದರೆ ರಾತ್ರಿ ಮನೆಯಿಂದಲೂ ಅವು ಬೇಕು. ಆಗ ಯಾರೋ ಬಂದು ರೂಟರ್‌ನಲ್ಲಿ 3389 ಎಂಬ ಪೋರ್ಟ್ (ಹೊರಗಿನಿಂದ ಒಳಬರುವ, ನಂಬರ್ ಇರುವ ಬಾಗಿಲು) ತೆರೆದು, ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಕಂಪ್ಯೂಟರ್ ಬಳಸುವ ವಿಂಡೋಸ್ ಸೌಲಭ್ಯ) ನೇರವಾಗಿ ಇಂಟರ್ನೆಟ್‌ಗೆ ಸಿಗುವ ಹಾಗೆ ಮಾಡಿ ಹೋಗುತ್ತಾರೆ. ಕೆಲಸವೇನೋ ನಡೆಯುತ್ತದೆ. ಆದರೆ ತೆರೆದಿರುವ ಆ ಪೋರ್ಟ್ ಹುಡುಕಿಕೊಂಡು ಹಗಲು ರಾತ್ರಿ ಓಡುವ ಪ್ರೋಗ್ರಾಂಗಳಿವೆ. ಸಿಕ್ಕ ಕಡೆಯಲ್ಲೆಲ್ಲ ಪಾಸ್‌ವರ್ಡ್ ಊಹಿಸುತ್ತಾ ಹೋಗುತ್ತವೆ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂ) ಒಳಗೆ ಬರುವ ದಾರಿಗಳಲ್ಲಿ ಇದು ಬಹಳ ಸಾಮಾನ್ಯವಾದದ್ದು. ನಿಮ್ಮ ಆಫೀಸಿನಲ್ಲಿ ಹೀಗಿದ್ದರೆ, ಈ ಲೇಖನ ಓದಿ ಮುಗಿಸುವ ಮೊದಲೇ ಅದನ್ನು ಮುಚ್ಚಿಸಿ. ಪೋರ್ಟ್ ನಂಬರ್ ಬದಲಿಸಿ 3390 ಮಾಡಿದ್ದೇವೆ ಅನ್ನುವುದು ರಕ್ಷಣೆ ಅಲ್ಲ.

ಇದಕ್ಕೆ ಸರಿಯಾದ ದಾರಿ ವಿಪಿಎನ್. ಮನೆಯ ಲ್ಯಾಪ್‌ಟಾಪ್‌ನಿಂದ ಆಫೀಸಿನ ರೂಟರ್‌ವರೆಗೆ ಗೂಢಲಿಪಿಯಲ್ಲಿ ಹೋಗುವ ಒಂದು ಸುರಂಗ ಅದು. ಸುರಂಗ ಕೂಡಿಕೊಂಡ ಮೇಲೆ ಲ್ಯಾಪ್‌ಟಾಪ್‌ಗೆ ಆಫೀಸಿನ ಕಂಪ್ಯೂಟರ್, ಪ್ರಿಂಟರ್, ಫೈಲ್ ಎಲ್ಲ ಸಿಗುತ್ತವೆ. ಜಾಹೀರಾತಿನಲ್ಲಿ ಬರುವ ಉಚಿತ ವಿಪಿಎನ್ ಆಪ್‌ಗಳಿಗೂ ಇದಕ್ಕೂ ಸಂಬಂಧವಿಲ್ಲ. ಅವು ನಿಮ್ಮ ಟ್ರಾಫಿಕ್ಕನ್ನು ಬೇರೆ ಯಾರದೋ ಸರ್ವರ್‌ಗೆ ಒಯ್ಯುತ್ತವೆ, ಆಫೀಸಿಗಲ್ಲ.

ಆಪ್ ಹಾಕಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಜನ ದಿನಗಟ್ಟಲೆ ಒದ್ದಾಡುವುದು ಬೇರೆ ಎರಡು ವಿಷಯಕ್ಕೆ: ಆಫೀಸಿಗೆ ಹೊರಗಿನಿಂದ ತಲುಪಬಹುದಾದ ವಿಳಾಸ ಇಲ್ಲದಿರುವುದು, ಮನೆಯ ಮತ್ತು ಆಫೀಸಿನ ಐಪಿ ವಿಳಾಸಗಳು (ನೆಟ್‌ವರ್ಕ್‌ನಲ್ಲಿ ಒಂದೊಂದು ಕಂಪ್ಯೂಟರನ್ನೂ ಗುರುತಿಸುವ ನಂಬರ್) ಒಂದೇ ಆಗಿರುವುದು. ಅದಕ್ಕೇ ಇಲ್ಲಿ ಆ ಎರಡಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಐಟಿ ವಿಭಾಗ ಇರುವ ಕಂಪನಿಯವರಿಗೆ

ನೀವು ದೊಡ್ಡ ಕಂಪನಿಯ ಉದ್ಯೋಗಿಯಾಗಿದ್ದರೆ ನಿಮ್ಮ ಕೆಲಸ ಕಡಿಮೆ. ಫೋರ್ಟಿಕ್ಲೈಂಟ್, ಗ್ಲೋಬಲ್‌ಪ್ರೊಟೆಕ್ಟ್, ಸಿಸ್ಕೊ ಸೆಕ್ಯೂರ್ ಕ್ಲೈಂಟ್, ಇಂಥ ಯಾವುದೋ ಒಂದನ್ನು ಕಂಪನಿ ಹೇಳುತ್ತದೆ. ಐಟಿಯವರಿಂದ ಗೇಟ್‌ವೇ ವಿಳಾಸ, ಯೂಸರ್ ಐಡಿ, ಎರಡನೇ ಹಂತದ ಒಟಿಪಿ ಆಪ್‌ನ ನೋಂದಣಿ, ಈ ಮೂರನ್ನು ಕೇಳಿ ಪಡೆಯಿರಿ. ಸಾಫ್ಟ್‌ವೇರನ್ನು ಕಂಪನಿ ಕೊಟ್ಟ ಲಿಂಕ್‌ನಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ಜಾಹೀರಾತು ಒತ್ತಬೇಡಿ, ಇವುಗಳ ನಕಲಿ ಇನ್‌ಸ್ಟಾಲರ್‌ಗಳು ಓಡಾಡುತ್ತಿವೆ. ಪಾಸ್‌ವರ್ಡ್ ಸರಿ ಇದ್ದೂ ಒಟಿಪಿ ತಪ್ಪು ಅಂತ ಬಂದರೆ ಫೋನಿನ ಗಡಿಯಾರ ನೋಡಿ. ಸಮಯ ಹಿಂದೆ ಮುಂದೆ ಆಗಿದ್ದರೆ ಕೋಡ್ ಹೊಂದುವುದಿಲ್ಲ. ಇನ್ನು ಮುಂದಿನದು ತಮ್ಮ ಆಫೀಸಿನ ವಿಪಿಎನ್ ತಾವೇ ಕಟ್ಟಿಕೊಳ್ಳಬೇಕಾದವರಿಗೆ.

ಯಾವ ಬಗೆಯ ವಿಪಿಎನ್?

ವಿಂಡೋಸ್‌ನಲ್ಲಿ ವಿಪಿಎನ್ ಸೇರಿಸಲು ಹೋದರೆ ಪಿಪಿಟಿಪಿ, ಎಲ್‌2ಟಿಪಿ, ಎಸ್‌ಎಸ್‌ಟಿಪಿ, ಐಕೆಇವಿ2 ಎಂಬ ಪಟ್ಟಿ ಕಾಣುತ್ತದೆ. ಇದರಲ್ಲಿ ಪಿಪಿಟಿಪಿ ಕಡೆ ಕೈ ಹಾಕಲೇಬೇಡಿ. ಅದರ ಪಾಸ್‌ವರ್ಡ್ ವಿಧಾನವನ್ನು ಒಂದೇ ದಿನದಲ್ಲಿ ಮುರಿಯಬಹುದು ಅಂತ 2012ರಲ್ಲೇ ತೋರಿಸಿಯಾಗಿದೆ. ಆಪಲ್ 2016ರಲ್ಲಿ ತನ್ನ ಫೋನ್ ಮತ್ತು ಕಂಪ್ಯೂಟರ್‌ಗಳಿಂದ ಅದನ್ನು ತೆಗೆದೇ ಹಾಕಿತು. ಹಳೇ ರೂಟರ್‌ಗಳಲ್ಲಿ ಅದೊಂದೇ ಇದ್ದರೆ ರೂಟರ್ ಬದಲಿಸುವುದು ಒಳ್ಳೆಯದು. ಎಲ್‌2ಟಿಪಿ ಕೆಲಸ ಮಾಡುತ್ತದೆ, ಆದರೆ ಆಫೀಸಿನ ಸರ್ವರ್ ಇನ್ನೊಂದು ರೂಟರ್‌ನ ಹಿಂದೆ ಇದ್ದರೆ ವಿಂಡೋಸ್‌ನ ರಿಜಿಸ್ಟ್ರಿ ತಿದ್ದಬೇಕಾಗಿ ಬರುತ್ತದೆ. ಓಪನ್‌ವಿಪಿಎನ್ 2001ರಿಂದ ಇದೆ, ನಂಬಿಕಸ್ಥ. ಬೇರೆ ಪೋರ್ಟ್‌ಗಳನ್ನೆಲ್ಲ ತಡೆದಿರುವ ಜಾಗದಿಂದ ವೆಬ್‌ಸೈಟ್‌ಗಳು ಬಳಸುವ 443ನೇ ಟಿಸಿಪಿ ಪೋರ್ಟ್ (ಟಿಸಿಪಿ, ಯುಡಿಪಿ ಅಂದರೆ ಡೇಟಾ ಕಳಿಸುವ ಎರಡು ಬಗೆ) ಮೂಲಕವೂ ಹೋಗಬಲ್ಲದು.

ಸಣ್ಣ ಆಫೀಸಿಗೆ ನಾನು ಹೇಳುವುದು ವೈರ್‌ಗಾರ್ಡ್. ಇದು 2020ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ, 5.6ನೇ ಆವೃತ್ತಿಯಲ್ಲಿ, ಸೇರಿತು. ವೇಗ ಚೆನ್ನಾಗಿದೆ, ಸೆಟ್ಟಿಂಗ್ ಕಡಿಮೆ, ಫೋನು ವೈಫೈನಿಂದ ಮೊಬೈಲ್ ಡೇಟಾಗೆ ಹೋದರೂ ಸಂಪರ್ಕ ಕಡಿಯುವುದಿಲ್ಲ. ಎಲ್ಲಕ್ಕಿಂತ ನನಗೆ ಇಷ್ಟವಾದ ಗುಣ ಒಂದಿದೆ: ಸರಿಯಾದ ಕೀ (ಬೀಗದ ಕೈ ಥರ ಕೆಲಸ ಮಾಡುವ ಅಕ್ಷರಗಳ ಉದ್ದ ಸಾಲು) ಇಲ್ಲದೆ ಯಾರೇ ಬಾಗಿಲು ಬಡಿದರೂ ಅದು ಉತ್ತರವನ್ನೇ ಕೊಡುವುದಿಲ್ಲ. ಹುಡುಕುವವರಿಗೆ ಅಲ್ಲಿ ವಿಪಿಎನ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಮೈಕ್ರೋಟಿಕ್‌ನ ರೂಟರ್‌ಓಎಸ್ 7ರಲ್ಲಿ, ಏಸಸ್‌ನ ಹಲವು ಹೊಸ ರೂಟರ್‌ಗಳಲ್ಲಿ, ಜಿಎಲ್‌ಐನೆಟ್‌ನ ಚಿಕ್ಕ ರೂಟರ್‌ಗಳಲ್ಲಿ ಇದು ಬಂದೇ ಇರುತ್ತದೆ.

ವಿಪಿಎನ್ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧವಾ ಅಂತ ಕೆಲವರು ಅಳುಕುತ್ತಾರೆ. ಅಲ್ಲ. 2022ರ ಏಪ್ರಿಲ್ 28ರಂದು ಸರ್ಟ್-ಇನ್ (ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಹೊರಡಿಸಿದ ಆದೇಶದಲ್ಲಿ ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಅಂತ ಇರುವುದು ಜನರಿಗೆ ವಿಪಿಎನ್ ಸೇವೆ ಮಾರುವವರಿಗೆ. ಕಚೇರಿಗಳ ಸ್ವಂತ ವಿಪಿಎನ್‌ಗೆ ಆ ನಿಯಮ ಇಲ್ಲ ಅಂತ ಆಮೇಲೆ ಅದೇ ಸಂಸ್ಥೆ ಸ್ಪಷ್ಟಪಡಿಸಿತು.

ಹಂತ 1: ಆಫೀಸಿಗೆ ಪಬ್ಲಿಕ್ ಐಪಿ ಇದೆಯಾ?

ಪಬ್ಲಿಕ್ ಐಪಿ ಅಂದರೆ ಇಂಟರ್ನೆಟ್‌ನಿಂದ ನೇರವಾಗಿ ತಲುಪಬಹುದಾದ ವಿಳಾಸ. ಅದು ಇದೆಯಾ ಅಂತ ಆಫೀಸಿನಲ್ಲಿ ಕೂತು ಮಾಡುವ ಪರೀಕ್ಷೆ ಇದು. ರೂಟರ್‌ನ ಪುಟ ತೆರೆದು ಅದರ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ಎಷ್ಟು ಅಂತ ಬರೆದುಕೊಳ್ಳಿ. ಆಮೇಲೆ ಬ್ರೌಸರ್‌ನಲ್ಲಿ ನಿಮ್ಮ ಐಪಿ ತೋರಿಸುವ ಯಾವುದಾದರೂ ಸೈಟ್ ತೆರೆಯಿರಿ. ಎರಡೂ ಒಂದೇ ಇದ್ದರೆ ನಿಮಗೆ ಪಬ್ಲಿಕ್ ಐಪಿ ಇದೆ, ಅರ್ಧ ಕೆಲಸ ಮುಗಿಯಿತು.

ಬೇರೆ ಬೇರೆ ಇದ್ದರೆ ವ್ಯಾನ್ ಐಪಿಯನ್ನು ಗಮನಿಸಿ. ಅದು 192.168ರಿಂದ ಶುರುವಾದರೆ ಫೈಬರ್ ಕಂಪನಿಯ ಮೋಡೆಮ್ ಕೂಡ ರೂಟರ್ ಆಗಿ ಕೆಲಸ ಮಾಡುತ್ತಿದೆ, ನಿಮ್ಮ ರೂಟರ್ ಅದರ ಹಿಂದೆ ಕೂತಿದೆ ಎಂದರ್ಥ. ಮೋಡೆಮನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ಹಾಗೇ ದಾಟಿಸುವ ರೀತಿ) ಹಾಕಿಸಿ, ಇಲ್ಲವೇ ಅದರಲ್ಲೂ ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಆ ಪೋರ್ಟ್‌ಗೆ ಬಂದದ್ದನ್ನು ನಿಮ್ಮ ರೂಟರ್‌ಗೆ ದಾಟಿಸಿ. ಮೋಡೆಮ್‌ನ ವ್ಯಾನ್ ಐಪಿಗೂ ಇದೇ ಪರೀಕ್ಷೆ ಮಾಡುವುದನ್ನು ಮರೆಯಬೇಡಿ.

ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಕೆಲವು ಕಂಪನಿಗಳಲ್ಲಿ ಇದು 10ರಿಂದಲೂ ಶುರುವಾಗುತ್ತದೆ. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಇಂಟರ್ನೆಟ್ ಕಂಪನಿ ಹಲವು ಗ್ರಾಹಕರಿಗೆ ಹಂಚಿದೆ. ಹೊರಗಿನಿಂದ ಬರುವ ಕರೆ ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ನೀವು ಎಷ್ಟೇ ಪೋರ್ಟ್ ತೆರೆದರೂ ಉಪಯೋಗವಿಲ್ಲ. ನಮ್ಮ ಊರುಗಳಲ್ಲಿ ಫೈಬರ್ ಸಂಪರ್ಕದಲ್ಲಿ ಇದು ತುಂಬಾ ಸಾಮಾನ್ಯ. ವಿಪಿಎನ್ ಹಾಕಿ ಬರಲಿಲ್ಲ ಅಂತ ಕೈಬಿಟ್ಟವರಲ್ಲಿ ಬಹಳ ಜನ ಎಡವಿರುವುದು ಇಲ್ಲೇ.

ಇದಕ್ಕೆ ಮೂರು ದಾರಿ ಇದೆ. ಮೊದಲನೆಯದು, ಇಂಟರ್ನೆಟ್ ಕಂಪನಿಯಿಂದ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಪಬ್ಲಿಕ್ ಐಪಿ, ಕೊಂಡುಕೊಳ್ಳುವುದು. ಸ್ವಲ್ಪ ಹೆಚ್ಚು ಹಣ ಆಗುತ್ತದೆ, ಆದರೆ ದಿನವೂ ಬಳಸುವ ಆಫೀಸಿಗೆ ಇದೇ ನೆಮ್ಮದಿ. ಎರಡನೆಯದು ಟೇಲ್‌ಸ್ಕೇಲ್‌ನಂಥ ಸೇವೆ. ಅದರ ಒಳಗೆ ಇರುವುದೂ ವೈರ್‌ಗಾರ್ಡೇ. ಎರಡೂ ಕಡೆಯಿಂದ ಹೊರಗೆ ಕರೆ ಮಾಡಿಸಿ ನಡುವೆ ಜೋಡಿಸುವುದರಿಂದ ಅದಕ್ಕೆ ಪಬ್ಲಿಕ್ ಐಪಿಯೂ ಬೇಡ, ಪೋರ್ಟ್ ತೆರೆಯುವುದೂ ಬೇಡ. ಒಬ್ಬಿಬ್ಬರಿಗೆ ಮಾತ್ರ ಬೇಕಿದ್ದರೆ ಇದೇ ಸಾಕು. ಆಫೀಸಿನ ಕಂಪ್ಯೂಟರ್, ಮನೆಯ ಲ್ಯಾಪ್‌ಟಾಪ್ ಎರಡರಲ್ಲೂ ಆಪ್ ಹಾಕಿ, ಒಂದೇ ಖಾತೆಯಲ್ಲಿ ಲಾಗಿನ್ ಆದರೆ ಮುಗಿಯಿತು. ಆ ಖಾತೆಗೆ ಎರಡು ಹಂತದ ಲಾಗಿನ್ ಮಾತ್ರ ಕಡ್ಡಾಯ ಮಾಡಿಕೊಳ್ಳಿ. ಮೂರನೆಯದು ಬಾಡಿಗೆ ಕ್ಲೌಡ್ ಸರ್ವರ್ ಒಂದನ್ನು ನಡುವೆ ಇಟ್ಟುಕೊಳ್ಳುವುದು. ಅದನ್ನು ನೋಡಿಕೊಳ್ಳಲು ಬಲ್ಲವರಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಪಬ್ಲಿಕ್ ಐಪಿ ಇದೆ, ಆದರೆ ರೂಟರ್ ಆಫ್ ಆನ್ ಮಾಡಿದಾಗಲೆಲ್ಲ ಬದಲಾಗುತ್ತದೆ ಅಂದರೆ ಡಿಡಿಎನ್‌ಎಸ್ (ಬದಲಾಗುವ ಐಪಿಗೆ ಒಂದು ಖಾಯಂ ಹೆಸರು ಕೊಡುವ ಸೇವೆ) ಬಳಸಿ. ಡಕ್‌ಡಿಎನ್‌ಎಸ್, ನೋ-ಐಪಿ ಇವೆ. ಮೈಕ್ರೋಟಿಕ್ ಮತ್ತು ಏಸಸ್‌ನಲ್ಲಿ ಈ ಸೌಲಭ್ಯ ರೂಟರ್ ಜೊತೆಗೇ ಬರುತ್ತದೆ. ಐಪಿ ಬದಲಾದರೂ ಹೆಸರು ಒಂದೇ ಇರುತ್ತದೆ.

ಹಂತ 2: ಆಫೀಸಿನ ವಿಳಾಸ ಸರಣಿ ಬದಲಿಸಿ

ಆಫೀಸಿನ ರೂಟರ್ 192.168.1.1, ಮನೆಯ ರೂಟರೂ 192.168.1.1 ಅಂದುಕೊಳ್ಳಿ. ವಿಪಿಎನ್ ಕೂಡಿಕೊಂಡಿದೆ. ಈಗ ನೀವು 192.168.1.10 ಎಂಬ ಆಫೀಸಿನ ಕಂಪ್ಯೂಟರ್ ಕೇಳಿದರೆ, ಅದು ಮನೆಯದಾ ಆಫೀಸಿನದಾ ಅಂತ ಲ್ಯಾಪ್‌ಟಾಪ್‌ಗೆ ಗೊತ್ತಾಗುವುದು ಹೇಗೆ? ಅದು ಮನೆಯಲ್ಲೇ ಹುಡುಕಿ ಸುಮ್ಮನಾಗಬಹುದು. ವಿಪಿಎನ್ ಹಸಿರು ಬಣ್ಣದಲ್ಲಿ ಕನೆಕ್ಟ್ ಆಗಿದೆ ಅನ್ನುತ್ತದೆ, ಫೈಲ್ ಮಾತ್ರ ಬರುವುದಿಲ್ಲ.

ಮನೆಯ ರೂಟರ್‌ಗಳ ವಿಳಾಸ ಹೆಚ್ಚಾಗಿ ಊಹಿಸಬಹುದಾದದ್ದೇ. ಜಿಯೋಫೈಬರ್‌ನಲ್ಲಿ 192.168.29, ಏರ್‌ಟೆಲ್‌ನಲ್ಲಿ 192.168.1, ಟಿಪಿ-ಲಿಂಕ್‌ನಲ್ಲಿ 192.168.0, ಹೀಗೆ. ಮನೆಯ ರೂಟರ್‌ಗಳನ್ನು ಬದಲಿಸುತ್ತಾ ಹೋಗುವುದಕ್ಕಿಂತ ಆಫೀಸಿನದನ್ನು ಒಂದು ಸಲ ಬದಲಿಸುವುದು ಸುಲಭ. 192.168.77 ಥರದ, ಯಾರೂ ಬಳಸದ ಸರಣಿ ಆರಿಸಿಕೊಳ್ಳಿ. ಇಲ್ಲಿಂದ ಮುಂದೆ ಉದಾಹರಣೆಗೆ ಅದನ್ನೇ ಬಳಸುತ್ತೇನೆ.

ಬದಲಿಸುವುದನ್ನು ಕೆಲಸದ ದಿನ ಮಾಡಬೇಡಿ, ಭಾನುವಾರ ಮಾಡಿ. ಕಂಪ್ಯೂಟರ್‌ಗಳು ತಾವಾಗಿಯೇ ಹೊಸ ವಿಳಾಸ ತೆಗೆದುಕೊಳ್ಳುತ್ತವೆ. ಕೈಯಿಂದ ವಿಳಾಸ ಹಾಕಿದ ಸಾಮಾನುಗಳು ತೊಂದರೆ ಕೊಡುತ್ತವೆ: ನೆಟ್‌ವರ್ಕ್ ಪ್ರಿಂಟರ್, ಸಿಸಿಟಿವಿಯ ಡಿವಿಆರ್, ಬೆರಳಚ್ಚು ಹಾಜರಾತಿ ಯಂತ್ರ, ಟ್ಯಾಲಿ ಲೈಸೆನ್ಸ್ ಇರುವ ಕಂಪ್ಯೂಟರ್. ಮೊದಲೇ ಇವುಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಹೊಸ ನಂಬರ್ ಬರೆದಿಟ್ಟುಕೊಂಡು ಕೂತರೆ ಗಾಬರಿಯಿಲ್ಲ. ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಎಷ್ಟೋ ಕಡೆ ಕೆಲಸ ನಿಲ್ಲುವುದು ಅದಕ್ಕೇ.

ಮನೆಯಿಂದ ಬಳಸುವ ಕಂಪ್ಯೂಟರ್‌ಗಳಿಗೆ ರೂಟರ್‌ನಲ್ಲೇ ಖಾಯಂ ವಿಳಾಸ ಕಾಯ್ದಿರಿಸಿ. 192.168.77.10 ಇವತ್ತು ಒಂದು ಕಂಪ್ಯೂಟರ್, ನಾಳೆ ಇನ್ನೊಂದು ಆಗಬಾರದಲ್ವಾ?

ಹಂತ 3: ರೂಟರ್‌ನಲ್ಲಿ ವೈರ್‌ಗಾರ್ಡ್

ರೂಟರ್‌ನ ವಿಪಿಎನ್ ಭಾಗಕ್ಕೆ ಹೋಗಿ ವೈರ್‌ಗಾರ್ಡ್ ಸರ್ವರ್ ಅಥವಾ ಇಂಟರ್‌ಫೇಸ್ ಹೊಸದಾಗಿ ಮಾಡಿ. ಪೋರ್ಟ್ 51820, ಬಗೆ ಯುಡಿಪಿ. ಸುರಂಗದ ಒಳಗಿನ ವಿಳಾಸಕ್ಕೆ ಮತ್ತೊಂದು ಸರಣಿ ಬೇಕು. 10.66.66.1/24 ಅಂತ ರೂಟರ್‌ಗೆ ಕೊಡಿ. /24 ಅಂದರೆ ಮೊದಲ ಮೂರು ನಂಬರ್ ಒಂದೇ ಇರುವ ಇಡೀ ಸರಣಿ, ಮುಂದೆ ಬರುವ /32 ಅಂದರೆ ಅದೊಂದೇ ವಿಳಾಸ. ಉಳಿಸಿದ ಕೂಡಲೇ ರೂಟರ್ ಒಂದು ಜೊತೆ ಕೀ ಹುಟ್ಟಿಸುತ್ತದೆ. ಒಂದು ಪ್ರೈವೇಟ್, ಒಂದು ಪಬ್ಲಿಕ್. ಪಬ್ಲಿಕ್ ಕೀಯನ್ನು ನಕಲು ಮಾಡಿಟ್ಟುಕೊಳ್ಳಿ, ಅದನ್ನು ಯಾರಿಗೆ ಕೊಟ್ಟರೂ ಅಪಾಯವಿಲ್ಲ.

ಮೈಕ್ರೋಟಿಕ್ ಬಳಸುವವರು ಫೈರ್‌ವಾಲ್‌ನ (ಯಾವುದನ್ನು ಒಳಗೆ ಬಿಡಬೇಕು ಅಂತ ನಿರ್ಧರಿಸುವ ಕಾವಲು) ಇನ್‌ಪುಟ್ ಪಟ್ಟಿಯಲ್ಲಿ ಯುಡಿಪಿ 51820ಕ್ಕೆ ಅನುಮತಿ ಕೊಡುವ ನಿಯಮವನ್ನು, ತಡೆಯುವ ನಿಯಮಕ್ಕಿಂತ ಮೇಲೆ ಇಡಬೇಕು. ಕೆಳಗೆ ಇಟ್ಟರೆ ಅದಕ್ಕೆ ಸರದಿಯೇ ಬರುವುದಿಲ್ಲ. ಮುಂದೆ ಇನ್ನೊಂದು ಮೋಡೆಮ್ ಇದ್ದರೆ ಅಲ್ಲಿಂದ ಇದೇ ಪೋರ್ಟ್ ನಿಮ್ಮ ರೂಟರ್‌ಗೆ ಫಾರ್ವರ್ಡ್ ಆಗಬೇಕು. ಟಿಸಿಪಿ ಆರಿಸಿದರೆ ಕೆಲಸ ಆಗುವುದಿಲ್ಲ, ಯುಡಿಪಿಯೇ ಬೇಕು.

ವಿಪಿಎನ್ ಮಾಡುವ ಪೆಟ್ಟಿಗೆಯೇ ಆಫೀಸಿನ ಮುಖ್ಯ ರೂಟರ್ ಆಗಿಲ್ಲದಿದ್ದರೆ ಇನ್ನೊಂದು ಹೆಜ್ಜೆ ಇದೆ. 10.66.66.0/24ಕ್ಕೆ ಹೋಗಬೇಕಾದರೆ ಈ ಪೆಟ್ಟಿಗೆಯ ಮೂಲಕ ಹೋಗು ಎಂಬ ಸ್ಟ್ಯಾಟಿಕ್ ರೂಟ್ ಒಂದನ್ನು ಮುಖ್ಯ ರೂಟರ್‌ನಲ್ಲಿ ಹಾಕಿ. ಇಲ್ಲದಿದ್ದರೆ ಪ್ರಶ್ನೆ ಆಫೀಸಿಗೆ ತಲುಪುತ್ತದೆ, ಉತ್ತರಕ್ಕೆ ವಾಪಸ್ ದಾರಿ ಸಿಗುವುದಿಲ್ಲ.

ಹಂತ 4: ಮನೆಯ ಲ್ಯಾಪ್‌ಟಾಪ್

ವೈರ್‌ಗಾರ್ಡ್‌ನ ಸ್ವಂತ ಸೈಟ್‌ನಿಂದ ವಿಂಡೋಸ್ ಆಪ್ ಇಳಿಸಿಕೊಳ್ಳಿ. ಅದರಲ್ಲಿ ಖಾಲಿ ಟನೆಲ್ ಸೇರಿಸುವ ಆಯ್ಕೆ ಇದೆ. ಒತ್ತಿದಾಗ ಲ್ಯಾಪ್‌ಟಾಪ್ ತನ್ನದೇ ಕೀ ಜೊತೆ ಮಾಡಿಕೊಳ್ಳುತ್ತದೆ. ಇದರ ಪಬ್ಲಿಕ್ ಕೀ ಮಾತ್ರ ಆಫೀಸಿಗೆ ಕಳಿಸಿ. ಪ್ರೈವೇಟ್ ಕೀ ಆ ಲ್ಯಾಪ್‌ಟಾಪ್ ಬಿಟ್ಟು ಎಲ್ಲಿಗೂ ಹೋಗಬಾರದು. ಪೂರ್ತಿ ಫೈಲನ್ನೇ ಆಫೀಸಿನಲ್ಲಿ ತಯಾರಿಸಿ ವಾಟ್ಸಾಪ್‌ನಲ್ಲಿ ಕಳಿಸುವ ರೂಢಿ ಇದೆ. ಆ ಫೈಲ್ ಫೋನಿನಲ್ಲಿ, ಬ್ಯಾಕಪ್‌ನಲ್ಲಿ ಉಳಿದುಬಿಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಆಪ್‌ನ ಪೆಟ್ಟಿಗೆಯಲ್ಲಿ ಎರಡು ಭಾಗ ಬರೆಯಬೇಕು. ಮೊದಲ ಭಾಗ ಇಂಟರ್‌ಫೇಸ್, ಅಂದರೆ ಈ ಲ್ಯಾಪ್‌ಟಾಪ್. ಅಲ್ಲಿ ಪ್ರೈವೇಟ್ ಕೀ ಆಗಲೇ ಕೂತಿರುತ್ತದೆ. ಅದರ ಕೆಳಗೆ ಅಡ್ರೆಸ್ ಅಂತ 10.66.66.2/32 ಹಾಕಿ. ಎರಡನೇ ಭಾಗ ಪೀರ್, ಅಂದರೆ ಆಫೀಸಿನ ರೂಟರ್. ಇಲ್ಲಿ ರೂಟರ್‌ನ ಪಬ್ಲಿಕ್ ಕೀ, ಎಂಡ್‌ಪಾಯಿಂಟ್ ಎದುರು ಆಫೀಸಿನ ಐಪಿ ಅಥವಾ ಡಿಡಿಎನ್‌ಎಸ್ ಹೆಸರು, ಕೋಲನ್, 51820. ಪರ್ಸಿಸ್ಟೆಂಟ್ ಕೀಪ್‌ಅಲೈವ್‌ಗೆ 25. ಮನೆಯ ರೂಟರ್ ಸಂಪರ್ಕವನ್ನು ಮರೆಯದಿರಲಿ ಅಂತ 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಸುದ್ದಿ ಕಳಿಸುವುದು ಅದರ ಕೆಲಸ.

ಉಳಿದದ್ದು ಅಲೌಡ್ ಐಪಿಸ್. ಯಾವ ಯಾವ ವಿಳಾಸಕ್ಕೆ ಸುರಂಗದ ದಾರಿ ಹಿಡಿಯಬೇಕು ಅನ್ನುವುದನ್ನು ಇದೇ ನಿರ್ಧರಿಸುತ್ತದೆ. 10.66.66.0/24, 192.168.77.0/24 ಅಂತ ಎರಡನ್ನೂ ಅಲ್ಪವಿರಾಮ ಹಾಕಿ ಬರೆದರೆ ಆಫೀಸಿನ ಕೆಲಸ ಮಾತ್ರ ಸುರಂಗದಲ್ಲಿ ಹೋಗುತ್ತದೆ. ಯೂಟ್ಯೂಬ್, ವಿಡಿಯೋ ಕರೆ ಎಲ್ಲ ಮನೆಯ ಇಂಟರ್ನೆಟ್‌ನಲ್ಲೇ ಉಳಿಯುತ್ತವೆ. 0.0.0.0/0 ಬರೆದರೆ ಎಲ್ಲವೂ ಆಫೀಸಿನ ಮೂಲಕವೇ. ಸಣ್ಣ ಆಫೀಸಿಗೆ ನನ್ನ ಸಲಹೆ ಮೊದಲನೆಯದು. ಯಾವುದಾದರೂ ಸೈಟು ಆಫೀಸಿನ ಐಪಿಯಿಂದ ಮಾತ್ರ ತೆರೆಯುವಂತಿದ್ದರೆ ಎರಡನೆಯದು ಬೇಕಾಗುತ್ತದೆ.

ಕೊನೆಗೆ ಆಫೀಸಿನ ರೂಟರ್‌ನಲ್ಲಿ ಹೊಸ ಪೀರ್ ಸೇರಿಸಿ: ಲ್ಯಾಪ್‌ಟಾಪ್‌ನ ಪಬ್ಲಿಕ್ ಕೀ, ಅಲೌಡ್ ಐಪಿಸ್ 10.66.66.2/32. ಮುಂದಿನವರಿಗೆ 3, ಅವರ ನಂತರ 4. ಇಬ್ಬರಿಗೆ ಒಂದೇ ನಂಬರ್ ಅಥವಾ ಒಂದೇ ಕೀ ಕೊಟ್ಟರೆ ಒಬ್ಬರು ಬಂದಾಗ ಇನ್ನೊಬ್ಬರ ಸಂಪರ್ಕ ಹೋಗುತ್ತದೆ.

ಹಂತ 5: ಪರೀಕ್ಷೆ, ಬರದಿದ್ದರೆ ಏನು ನೋಡಬೇಕು

ಆಫೀಸಿನ ವೈಫೈನಲ್ಲೇ ಕೂತು ಪರೀಕ್ಷೆ ಮಾಡಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ ಆಕ್ಟಿವೇಟ್ ಒತ್ತಿ. ಆಪ್‌ನಲ್ಲಿ ಲೇಟೆಸ್ಟ್ ಹ್ಯಾಂಡ್‌ಶೇಕ್ ಎಂಬ ಸಾಲು ಬಂತಾ ನೋಡಿ. ಆಕ್ಟಿವ್ ಅಂತ ತೋರಿಸುವುದನ್ನು ನಂಬಬೇಡಿ. ಹ್ಯಾಂಡ್‌ಶೇಕ್ ಬಂದರೆ ಮಾತ್ರ ಆಫೀಸು ಉತ್ತರ ಕೊಟ್ಟಿದೆ.

ಹ್ಯಾಂಡ್‌ಶೇಕ್ ಬರಲಿಲ್ಲ ಅಂದರೆ ತಪ್ಪು ಈ ನಾಲ್ಕರಲ್ಲಿ ಒಂದು: ಎಂಡ್‌ಪಾಯಿಂಟ್ ವಿಳಾಸ, ಪೋರ್ಟ್ ತೆರೆಯದಿರುವುದು, ಕೀಗಳು ಅದಲು ಬದಲಾಗಿರುವುದು, ಸಿಜಿನ್ಯಾಟ್. ವೈರ್‌ಗಾರ್ಡ್ ಮೌನವಾಗಿರುವುದರಿಂದ ತಪ್ಪು ಏನು ಅಂತ ಅದು ಹೇಳುವುದಿಲ್ಲ, ನೀವೇ ಒಂದೊಂದಾಗಿ ನೋಡಬೇಕು.

ಹ್ಯಾಂಡ್‌ಶೇಕ್ ಬಂದಿದೆ, ಆದರೆ ಆಫೀಸಿನ ಕಂಪ್ಯೂಟರ್ ಸಿಗುತ್ತಿಲ್ಲವಾ? ಅಲೌಡ್ ಐಪಿಸ್ ಸರಿ ಇದ್ದರೆ ಸಂಶಯ ಬರಬೇಕಾದದ್ದು ಆ ಕಂಪ್ಯೂಟರ್‌ನ ವಿಂಡೋಸ್ ಫೈರ್‌ವಾಲ್ ಮೇಲೆ. ಪಿಂಗ್‌ಗೂ (ಕಂಪ್ಯೂಟರ್ ಉತ್ತರ ಕೊಡುತ್ತದಾ ಅಂತ ನೋಡುವ ಪರೀಕ್ಷೆ) ಫೈಲ್ ಶೇರಿಂಗ್‌ಗೂ ವಿಂಡೋಸ್ ಸಾಮಾನ್ಯವಾಗಿ ತನ್ನದೇ ಸರಣಿಯವರಿಗೆ ಮಾತ್ರ ಒಪ್ಪಿಗೆ ಕೊಡುತ್ತದೆ. ನೀವು ಬರುತ್ತಿರುವುದು 10.66.66ರಿಂದ. ಫೈರ್‌ವಾಲ್‌ನ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ನಿಯಮಗಳಲ್ಲಿ ಸ್ಕೋಪ್ ತೆರೆದು 10.66.66.0/24 ಸೇರಿಸಿ. ಫೈರ್‌ವಾಲ್ ಪೂರ್ತಿ ಆಫ್ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ.

ಪಿಂಗ್ ಬರುತ್ತದೆ, ದೊಡ್ಡ ಫೈಲ್ ಅರ್ಧಕ್ಕೆ ನಿಲ್ಲುತ್ತದೆ ಅಂದರೆ ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಣುಕಿನ ಗರಿಷ್ಠ ಅಳತೆ) ಜಾಸ್ತಿ ಆಗಿದೆ. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ. ಪಿಪಿಪಿಒಇ ಮೂಲಕ ಲಾಗಿನ್ ಆಗುವ ಫೈಬರ್‌ನಲ್ಲಿ, ಮೊಬೈಲ್ ಡೇಟಾದಲ್ಲಿ ಅದು ಹೆಚ್ಚಾಗಬಹುದು. ಇಂಟರ್‌ಫೇಸ್ ಭಾಗದಲ್ಲಿ ಎಂಟಿಯು 1380 ಅಂತ ಬರೆದು ನೋಡಿ, ಆಗದಿದ್ದರೆ 1280.

ಕಂಪ್ಯೂಟರ್ ಹೆಸರು ಹೊಡೆದರೆ ಸಿಗುವುದಿಲ್ಲ, ನಂಬರ್ ಹೊಡೆದರೆ ಸಿಗುತ್ತದೆ ಅನ್ನುವುದು ದೋಷವಲ್ಲ. ಆಫೀಸಿನೊಳಗೆ ಹೆಸರು ಕೂಗಿ ಹುಡುಕುವ ವ್ಯವಸ್ಥೆ ಸುರಂಗ ದಾಟಿ ಬರುವುದಿಲ್ಲ. 192.168.77.10 ಅಂತಲೇ ಶಾರ್ಟ್‌ಕಟ್ ಮಾಡಿಟ್ಟುಕೊಳ್ಳಿ.

ಟ್ಯಾಲಿಯನ್ನು ಮನೆಯಲ್ಲಿ ತೆರೆಯಬೇಡಿ, ಆಫೀಸಿನಲ್ಲೇ ಓಡಿಸಿ

ವಿಪಿಎನ್ ಬಂದ ಖುಷಿಗೆ ಮನೆಯ ಟ್ಯಾಲಿಯಿಂದ ಆಫೀಸಿನ ಡೇಟಾ ಫೋಲ್ಡರ್ ತೆರೆಯಲು ಹೋಗುವವರಿದ್ದಾರೆ. ಅದು ಸಾವಿರಾರು ಸಣ್ಣ ಸಣ್ಣ ಓದು ಬರಹ ಮಾಡುತ್ತದೆ. ಒಂದೊಂದೂ ಇಂಟರ್ನೆಟ್ ದಾಟಿ ಹೋಗಿ ಬರಬೇಕು. ನಿಧಾನ ಆಗುವುದಷ್ಟೇ ಅಲ್ಲ, ನಡುವೆ ಸಂಪರ್ಕ ಕಡಿದರೆ ಡೇಟಾ ಕೆಡುವ ಅಪಾಯವೂ ಇದೆ. ವಿಪಿಎನ್ ಹಾಕಿ, ಅದರೊಳಗಿಂದ ಆಫೀಸಿನ ಕಂಪ್ಯೂಟರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಮಾಡಿ, ಅಲ್ಲೇ ಟ್ಯಾಲಿ ತೆರೆಯಿರಿ. ಮನೆಗೆ ಬರುವುದು ಪರದೆಯ ಚಿತ್ರ ಮಾತ್ರ. ನಡುವೆ ಸಂಪರ್ಕ ಹೋದರೂ ಕೆಲಸ ಅಲ್ಲೇ ಇದ್ದ ಹಾಗೆ ಇರುತ್ತದೆ. ಒಂದು ಷರತ್ತು: ಆಫೀಸಿನ ಆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಪ್ರೊ ಇರಬೇಕು. ಹೋಮ್ ಆವೃತ್ತಿಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಮಾಡಲು ಆಗುವುದಿಲ್ಲ.

ಫೈಲ್ ಇಳಿಸಿಕೊಳ್ಳುವಾಗ ಲೆಕ್ಕಕ್ಕೆ ಬರುವುದು ಆಫೀಸಿನ ಅಪ್‌ಲೋಡ್ ವೇಗ. ಅದು 20 ಎಂಬಿಪಿಎಸ್ ಇದ್ದರೆ 1 ಜಿಬಿ ಫೈಲ್‌ಗೆ ಏಳು ನಿಮಿಷದ ಹತ್ತಿರ ಬೇಕು.

ಕರೆಂಟ್ ವಿಷಯವನ್ನೂ ಈಗಲೇ ನೋಡಿಕೊಳ್ಳಿ. ರಾತ್ರಿ ಹತ್ತಕ್ಕೆ ಆಫೀಸಿನ ಕರೆಂಟ್ ಹೋದರೆ ಎಂಥ ವಿಪಿಎನ್ ಇದ್ದರೂ ಕೆಲಸಕ್ಕೆ ಬಾರದು. ಮೋಡೆಮ್ ಮತ್ತು ರೂಟರ್‌ಗೆ ಚಿಕ್ಕ ಯುಪಿಎಸ್ ಹಾಕಿ. ಕಂಪ್ಯೂಟರ್‌ನ ಸ್ಲೀಪ್ ಆಫ್ ಮಾಡಿ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ), ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಹಾಕಿಡಿ. ಇಲ್ಲದಿದ್ದರೆ ಬಟನ್ ಒತ್ತಲು ಒಬ್ಬರು ಆಫೀಸಿಗೆ ಹೋಗಬೇಕಾಗುತ್ತದೆ.

ಯಾರಿಗೆ ಎಷ್ಟು ಅನುಮತಿ

ವಿಪಿಎನ್ ಇರುವ ಪ್ರತಿ ಲ್ಯಾಪ್‌ಟಾಪ್ ಆಫೀಸಿನ ಇನ್ನೊಂದು ಬಾಗಿಲು. ಒಳಗೆ ಗ್ರಾಹಕರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಇವೆ. ಅವರು ನಿಮ್ಮನ್ನು ನಂಬಿ ಕೊಟ್ಟದ್ದು. ಮನೆಯವರೆಲ್ಲ ಬಳಸುವ, ಮಕ್ಕಳು ಆಟ ಇಳಿಸಿಕೊಳ್ಳುವ ಕಂಪ್ಯೂಟರ್‌ನಲ್ಲಿ ವಿಪಿಎನ್ ಹಾಕಬೇಡಿ. ಆಫೀಸಿನಿಂದಲೇ ಒಂದು ಲ್ಯಾಪ್‌ಟಾಪ್ ಕೊಡಿ, ಆಗದಿದ್ದರೆ ಕನಿಷ್ಠ ಬೇರೆ ವಿಂಡೋಸ್ ಖಾತೆ, ಗಟ್ಟಿ ಪಾಸ್‌ವರ್ಡ್, ತಪ್ಪದ ಅಪ್‌ಡೇಟ್ ಇರಲಿ.

ಎಲ್ಲರಿಗೂ ಎಲ್ಲ ಕಂಪ್ಯೂಟರ್ ಸಿಗಬೇಕಾಗಿಲ್ಲ. ಆರ್ಟಿಕಲ್‌ಶಿಪ್ ಮಾಡುವ ಹುಡುಗನಿಗೆ ತನ್ನ ಟೇಬಲ್ಲಿನ ಕಂಪ್ಯೂಟರ್ ಸಾಕು. ರೂಟರ್‌ನ ಫೈರ್‌ವಾಲ್‌ನಲ್ಲಿ 10.66.66.3ಗೆ 192.168.77.13ರ 3389 ಮಾತ್ರ, ಬೇರೇನೂ ಬೇಡ ಅಂತ ನಿಯಮ ಹಾಕಬಹುದು. ಸಿಸಿಟಿವಿ ಡಿವಿಆರ್ ಅಂತೂ ಯಾರಿಗೂ ಬೇಕಿಲ್ಲ.

ಯಾವ ಕೀ ಯಾರದು, ಯಾವ ಲ್ಯಾಪ್‌ಟಾಪ್, ಯಾವತ್ತು ಕೊಟ್ಟದ್ದು ಅಂತ ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ. ಒಬ್ಬರು ಕೆಲಸ ಬಿಟ್ಟ ದಿನವೇ ರೂಟರ್‌ನಿಂದ ಅವರ ಪೀರ್ ಅಳಿಸಿ, ಅವರ ವಿಂಡೋಸ್ ಪಾಸ್‌ವರ್ಡ್ ಬದಲಿಸಿ. ಲ್ಯಾಪ್‌ಟಾಪ್ ಕಳುವಾದರೂ ಮೊದಲು ಮಾಡಬೇಕಾದದ್ದು ಇದೇ, ಪೊಲೀಸ್ ದೂರು ಆಮೇಲೆ. ಯಾರೋ ಒಳಗೆ ನುಗ್ಗಿದ್ದಾರೆ ಅಂತ ಗೊತ್ತಾದರೆ, 2022ರ ಅದೇ ಆದೇಶದ ಪ್ರಕಾರ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು, 180 ದಿನಗಳ ಲಾಗ್ (ಯಾರು ಯಾವಾಗ ಬಂದರು ಎಂಬಂಥ ದಾಖಲೆ) ನಿಮ್ಮ ಹತ್ತಿರ ಇರಬೇಕು. ಸಣ್ಣ ರೂಟರ್‌ಗಳು ರೀಸ್ಟಾರ್ಟ್ ಆದಾಗ ಲಾಗ್ ಕಳೆದುಕೊಳ್ಳುತ್ತವೆ. ಅದಕ್ಕೆ ರೂಟರ್‌ನ ಸಿಸ್‌ಲಾಗ್ ಸೆಟ್ಟಿಂಗ್‌ನಲ್ಲಿ ಆಫೀಸಿನ ಯಾವುದಾದರೂ ಒಂದು ಕಂಪ್ಯೂಟರ್‌ನ ವಿಳಾಸ ಕೊಟ್ಟು, ಅಲ್ಲಿ ಲಾಗ್ ಸೇರುವಂತೆ ಮಾಡಿಡಿ.